ಅರ್ಧ ಟಿಕೆಟ್ಟಿನ ಬಜಾರಿ

ಕೋಳಿಯ ಕಾಟ ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಪರಿಹಾರ ಒಂದೇ: ‘ಸಾರು ಮಾಡಿ.’ ಹಾಲು ಹಾಕುವ ಹುಡುಗ, ವಿಮೆ ಏಜೆಂಟರು, ಮದುವೆ ಕರೆಯೋಲೆ ಕೊಡಲು ಬಂದವರು, ಎಲ್ಲರ ಬಾಯಲ್ಲೂ ಅದೇ ಮಾತು. ಮೊಮ್ಮಗನ ತುಂಟತನ ಹೇಳಿಕೊಂಡಾಗ ಇವರ್ಯಾರೂ ಅಡುಗೆಮನೆ ಕಡೆ ಕೈ ತೋರಿಸಿದವರಲ್ಲ. ಸಾರಿನ ಮಾತೆತ್ತದ ಸಭ್ಯರು ಕೆಲವರಿದ್ದಾರೆ. ಅವರದು ಇನ್ನೊಂದು: ‘ಹೊಸ ಸೊಸೆ ಅಲ್ವಾ, ಹೊಂದ್ಕೊಳ್ಳೋಕೆ ಟೈಮ್ ಬೇಕು.’ ಹೇಳಿ ತಾವೇ ನಗುತ್ತಾರೆ. ಈ ಜೋಕನ್ನು ಮೊದಲು ಹೊಳೆಯಿಸಿಕೊಂಡವರು ತಾವೇ ಎಂಬ ಬೆಳಕು ಮುಖದ ಮೇಲೆ. ನಾನೂ ಈ ಮನೆಗೆ ಹೊಸ ಸೊಸೆಯಾಗಿಯೇ ಬಂದವಳು. ಬಂದ ದಿನ ಯಾರ ನೆತ್ತಿಯನ್ನೂ ಕುಕ್ಕಿರಲಿಲ್ಲ.

ಬಜಾರಿ ಕುಕ್ಕಿದಳು. ಮನೆಯಲ್ಲಿದ್ದ ಎಲ್ಲರ ನೆತ್ತಿಯನ್ನೂ, ಹಿರಿತನದ ಪ್ರಕಾರವೇ.

ಅವಳನ್ನು ಕೊಟ್ಟವಳು ತುರುವೇಕೆರೆ ಕಡೆಯ ನನ್ನ ನಾದಿನಿ. ‘ಒಳ್ಳೆ ನಾಟಿ ಕೋಳಿ ಅತ್ತಿಗೆ, ಮೊಟ್ಟೆಗೆ ಮೋಸ ಇಲ್ಲ. ಸ್ವಲ್ಪ ಚುರುಕು, ಅಷ್ಟೆ’ ಅಂದಳು. ಹಾಗನ್ನುವಾಗ ಅವಳ ಮೊಮ್ಮಗ ಜಗಲಿಯಿಂದ ಕೆಳಗಿಳಿಯಲು ಒಪ್ಪದೆ ಕಂಬ ತಬ್ಬಿಕೊಂಡು ನಿಂತಿದ್ದ. ಮಗು ಏನೋ ಆಟ ಆಡುತ್ತಿದೆ ಎಂದುಕೊಂಡೆ. ತಿಪಟೂರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರು ಚೀಲದಿಂದ ಹೊರಗಿದ್ದ ಕೆಂಪು ತಲೆ ನೋಡಿ ಅರ್ಧ ಟಿಕೆಟ್ ಹರಿದರು. ‘ತೊಡೆ ಮೇಲೆ ಕೂರಿಸ್ಕೊಂಡ್ರೂನಾ?’ ಅಂದೆ. ‘ಕೂರಿಸ್ಕೊಳ್ಳಿ, ನಿಲ್ಲಿಸ್ಕೊಳ್ಳಿ, ಜೀವ ಇದ್ರೆ ಟಿಕೆಟ್ಟು ಕಣಮ್ಮ’ ಅಂದರು. ಮಾತು ಮುಗಿಯುವಷ್ಟರಲ್ಲಿ ಜೀವ ತಾನಿರುವುದನ್ನು ಅವರ ಹೆಬ್ಬೆರಳಿಗೆ ಮನದಟ್ಟು ಮಾಡಿಕೊಟ್ಟಿತ್ತು. ಆ ಟಿಕೆಟ್ಟು ಇನ್ನೂ ನನ್ನ ಪರ್ಸಿನಲ್ಲಿದೆ.

ನಮ್ಮ ಹಿತ್ತಿಲಿನ ಸಂಸಾರ ಅಲ್ಲಿಯವರೆಗೆ ಶಾಂತವಾಗಿತ್ತು. ತೆಂಗಿನ ಮರಗಳ ನಡುವೆ ಒಂದು ಗೂಡು. ಅದರ ಒಡತಿ ಯಜಮಾನ್ತಿ: ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಗಿರಿರಾಜ ತಳಿಯವಳು, ಮೈತುಂಬಿದ ಹೆಂಗಸು. ಅವಳ ಕೆಳಗೆ ಕರಿಯವ್ವ, ಕಂದಿ, ಆಮೇಲೆ ಅಂಗೈಯಗಲದ ಕುಳ್ಳಿ, ಎಲ್ಲರಿಗಿಂತ ಕೊನೆಗೆ ಬೂದಿ. ಬೂದಿಗೆ ವಯಸ್ಸಾಗಿದೆ, ಮೊಟ್ಟೆ ಬಿಟ್ಟು ಬಹಳ ಕಾಲವಾಗಿದೆ. ಹುಂಜದ ಹೆಸರು ಹೆಡ್‌ಮಾಸ್ಟರು. ಗಣಿತದ ಮೇಷ್ಟ್ರಾಗಿಯೇ ನಿವೃತ್ತರಾದ ನಮ್ಮನೆಯವರಿಗೆ, ತಮಗೆ ಸಿಗದ ಬಡ್ತಿ ಹುಂಜಕ್ಕೆ ಸಿಕ್ಕಿದ್ದು ಈಗಲೂ ಒಳಗೊಳಗೇ ಚುಚ್ಚುತ್ತದೆ.

ಹೊಸ ಕೋಳಿಯನ್ನು ಹಳೆಯ ಗುಂಪಿಗೆ ಸೇರಿಸುವುದು ಹೇಗೆಂದು ಹೇಳಲು ನನ್ನ ಅಣ್ಣನ ಮಗನಿದ್ದಾನೆ. ಒಂದು ಕೋಳಿಯನ್ನೂ ಸಾಕಿಲ್ಲ, ಅದಕ್ಕೇ ಎಲ್ಲ ಗೊತ್ತು. ಮೊದಲು ಸ್ವಲ್ಪ ದಿನ ಬೇರೆ ಇಟ್ಟು ರೋಗರುಜಿನ ಇದೆಯೇ ನೋಡಬೇಕಂತೆ. ಅದನ್ನು ಒಪ್ಪಿದೆ, ಕೊಕ್ಕರೆ ರೋಗ ಹೊಕ್ಕರೆ ಗೂಡಿಗೆ ಗೂಡೇ ಖಾಲಿಯಾಗುವುದನ್ನು ಕಣ್ಣಾರೆ ಕಂಡವಳು ನಾನು. ಆಮೇಲೆ ನಡುವೆ ಬಲೆ ಕಟ್ಟಿ, ಮುಖ ಕಂಡರೂ ಮೈ ತಾಗದ ಹಾಗೆ ಇಡಬೇಕಂತೆ. ಇಟ್ಟದ್ದಾಯಿತು. ಬಲೆಯ ಈಚೆಯಿಂದ ಬಜಾರಿ, ಆಚೆಯಿಂದ ಯಜಮಾನ್ತಿ, ದಿನವಿಡೀ ಒಬ್ಬರನ್ನೊಬ್ಬರು ಬೈದುಕೊಂಡರು. ಕಡೆಯ ಉಪಾಯ ರಾತ್ರಿಯದು. ಹಗಲಲ್ಲಿ ನಮಗೆ ಕಾಣದ ನೇರಳಾತೀತ ಬೆಳಕನ್ನೂ ಕಾಣುವ ಕೋಳಿಗೆ ಕತ್ತಲಾದರೆ ಕಣ್ಣು ಸಾಲದು. ಆ ಹೊತ್ತಲ್ಲಿ ಹೊಸಬಳನ್ನು ಸದ್ದಿಲ್ಲದೆ ಅಡ್ಡಗಳದ ಮೇಲೆ ನಡುವೆ ಕೂರಿಸಿಬಿಟ್ಟರೆ, ಬೆಳಗ್ಗೆ ಎದ್ದವರು ‘ಓ, ಇವಳು ಮೊದಲಿಂದಲೂ ಇಲ್ಲೇ ಇದ್ದಳಲ್ಲ’ ಎಂದುಕೊಳ್ಳುತ್ತಾರಂತೆ. ಇಂಥ ಉಪಾಯವನ್ನು ಕೇಳಿಯೂ ಮಾಡದೆ ಬಿಡುವುದು ನನ್ನ ಜಾಯಮಾನವಲ್ಲ.

ಅಮಾವಾಸ್ಯೆ ಹಿಂದುಮುಂದಿನ ರಾತ್ರಿ. ಇವರು ಲುಂಗಿ ಎತ್ತಿ ಕಟ್ಟಿ ಟಾರ್ಚ್ ಹಿಡಿದರು. ಬೆಳಕು ಹೆಚ್ಚಾಗದಿರಲೆಂದು ಅದರ ಮೂತಿಗೆ ನನ್ನ ಕೆಂಪು ರವಿಕೆ ಬಟ್ಟೆ ಕಟ್ಟಿದ್ದೆವು. ಹಿತ್ತಿಲೆಲ್ಲ ಕೆಂಪಾಗಿ, ನಾವಿಬ್ಬರೂ ಏನೋ ಮಾಟಮಂತ್ರಕ್ಕೆ ಹೊರಟವರೇ ಸರಿ. ಬಜಾರಿಯನ್ನು ಕಂಕುಳಲ್ಲಿ ಅವುಚಿಕೊಂಡು ಗೂಡಿನ ಬಾಗಿಲು ತೆಗೆದೆ. ಬಾಗಿಲು ಸೊಂಟದೆತ್ತರದ್ದು. ಕಟ್ಟಿಸುವಾಗ ಇವರು ಕೋಳಿಯ ಎತ್ತರದ ಲೆಕ್ಕ ಹಾಕಿದ್ದರು, ಹೆಂಡತಿಯ ಸುತ್ತಳತೆಯದ್ದಲ್ಲ. ತಲೆ ತೂರಿಸಿದೆ, ಒಂದು ಭುಜ ತೂರಿಸಿದೆ, ಕೋಳಿಯನ್ನು ಒಳಗೆ ದಾಟಿಸಿದೆ, ಇನ್ನೊಂದು ಭುಜವೂ ಹೋಯಿತು. ಅಲ್ಲಿಗೆ ನಿಂತಿತು. ಸೆರಗು ಚಿಲಕಕ್ಕೆ ಸಿಕ್ಕಿಕೊಂಡಿತ್ತು.

ಒಳಗೆ ಬಿಸಿ ಗಾಳಿ, ಹಿಕ್ಕೆಯ ಘಾಟು, ನಿದ್ದೆಯಲ್ಲಿ ಗೊಣಗುವ ಐದಾರು ಗಂಟಲು. ಯಾರ ಬೆನ್ನು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆಂದು ಕೈಯಾಡಿಸಿ ಕುಳ್ಳಿಗೂ ಬೂದಿಗೂ ನಡುವೆ ಗೇಣು ಜಾಗ ಹುಡುಕಿದೆ. ಸರಿಯಾಗಿ ಆಗಲೇ ಬಜಾರಿಗೆ ನನ್ನ ಕಿವಿಯೋಲೆ ಕಂಡಿದ್ದು. ಏಳು ಕಲ್ಲಿನ ಓಲೆ, ಅಮ್ಮನದು. ಕೆಂಪು ಬೆಳಕಿನಲ್ಲಿ ಮಿನುಗಿರಬೇಕು. ಟಕ್. ಕಲ್ಲು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಟಕ್, ಟಕ್. ಕೂಗುವ ಹಾಗಿಲ್ಲ, ಕೂಗಿದರೆ ಗೂಡೇ ಎದ್ದುಬಿಡುತ್ತದೆ. ಹಲ್ಲು ಕಚ್ಚಿ ‘ರೀ, ಸೆರಗು ಬಿಡಿಸ್ರೀ’ ಎಂದು ಉಸುರಿದೆ. ಹೊರಗಿನಿಂದ ಉತ್ತರ ಬರಲಿಲ್ಲ. ಅದರ ಬದಲು ಟಾರ್ಚ್ ಆರಿಹೋಯಿತು.

‘ಯಾರ್ಲಾ ಅದು ಕೋಳಿಗೂಡಲ್ಲಿ?’

ಪಕ್ಕದ ಮನೆಯ ಇಂಜಿನಿಯರ್ರು. ಕಾಂಪೌಂಡಿನ ಮೇಲಿಂದ ಮೊಬೈಲಿನ ಬೆಳಕು ಬಿಟ್ಟಿದ್ದಾರೆ. ಆ ಬೆಳಕಿಗೆ ಕಂಡದ್ದು ಗೂಡಿನ ಹೊರಗಿದ್ದ ನನ್ನ ಅರ್ಧಭಾಗ ಮಾತ್ರ. ನಮ್ಮ ಬೀದಿಯಲ್ಲಿ ಕೋಳಿ ಕಳವಾಗುವುದು ಹೊಸದಲ್ಲ. ನಾನು ಒಳಗಿನಿಂದಲೇ ‘ನಾನು ಕಣಪ್ಪಾ’ ಅಂದೆ. ದನಿ ತಗಡಿಗೆ ಬಡಿದು ನನಗೇ ಗುರುತು ಸಿಗದ ಹಾಗೆ ವಾಪಸು ಬಂತು.

‘ನಾನು ಅಂದ್ರೆ ಯಾರು?’

ರಮಣ ಮಹರ್ಷಿಗಳು ತಿರುವಣ್ಣಾಮಲೆಯ ಗುಡ್ಡದಲ್ಲಿ ಕೂತು ಎಲ್ಲರಿಗೂ ಕೇಳಿಕೊಳ್ಳಿ ಎಂದ ಪ್ರಶ್ನೆ. ಅವರು ಗುಹೆಯಲ್ಲಿದ್ದರು, ಓಲೆ ಕುಕ್ಕುವವರಿರಲಿಲ್ಲ. ನಾನು ಯಾರು? ಇಂಥವರ ಹೆಂಡತಿ ಅನ್ನೋಣವೆಂದರೆ ಆ ಇಂಥವರು ಸ್ಥಳದಲ್ಲಿಲ್ಲ. ನಿವೃತ್ತ ಗ್ರಂಥಪಾಲಕಿ ಅನ್ನೋಣವೆಂದರೆ ಸೊಂಟದಿಂದ ಕೆಳಗೆ ಆ ಘನತೆ ಕಾಣುವಂತಿಲ್ಲ. ಯೋಚಿಸುವಷ್ಟರಲ್ಲಿ ಇಂಜಿನಿಯರ್ರು ಮತ್ತೆ ಗದರಿದರು: ‘ಕೈ ಮೇಲೆತ್ತಿ ಹೊರಗ್ ಬಾ!’ ಕೈ ಎತ್ತಿದರೆ ಕೋಳಿ ಹೋಗುತ್ತದೆ, ಹೊರಗೆ ಬಂದರೆ ಸೀರೆ ಹೋಗುತ್ತದೆ. ಕೊನೆಗೆ ನನ್ನನ್ನು ಕಾಪಾಡಿದ್ದು ಅವರ ಹೆಂಡತಿ. ‘ಅಯ್ಯೋ, ಅದು ಆಂಟಿ ಸೀರೆ ಕಣ್ರೀ, ಮೊನ್ನೆ ಗೃಹಪ್ರವೇಶಕ್ಕೆ ಉಟ್ಟಿದ್ರಲ್ಲ’ ಎಂದು ಕಿಟಕಿಯಿಂದಲೇ ಗುರುತು ಹಿಡಿದರು. ಗಂಡಸರಿಗೆ ಈ ಜನ್ಮದಲ್ಲಿ ಬಾರದ ವಿದ್ಯೆ.

ಆಗ ತೆಂಗಿನ ಮರದ ಹಿಂದಿನಿಂದ ನಮ್ಮನೆಯವರು ಹೊರಬಂದರು. ಕಳವಿನ ಕೇಸಿನಲ್ಲಿ ಹೆಸರು ಸೇರಿಕೊಂಡರೆ ಪೆನ್ಷನ್ನಿಗೆ ತೊಂದರೆ ಎಂದು ಆ ಗಳಿಗೆಯಲ್ಲಿ ಹೊಳೆಯಿತಂತೆ.

ಇಷ್ಟೆಲ್ಲ ನಡೆಯುವಾಗ ಬಜಾರಿ ಗಳದ ಮೇಲೆ ಕಾಲೂರಿ, ಬೆರಳು ಬಿಗಿದು, ಗರಿ ಉಬ್ಬಿಸಿ, ಬೂದಿಯ ಪಕ್ಕೆಗೆ ಒರಗಿ ಕಣ್ಣು ಮುಚ್ಚಿದ್ದಳು. ನೋಡಿ ನನಗೆ ಕರುಳು ಕಿವುಚಿತು. ಪಾಪದ್ದು, ಜಾಗ ಸಿಗದೆ ಜಗಳಗಂಟಿಯಾಗಿತ್ತು ಅಷ್ಟೆ ಎಂದು ಇವರಿಗೆ ರಾತ್ರಿ ಮಲಗುವವರೆಗೂ ಕೊರೆದೆ.

ಬೆಳಗ್ಗೆ ಯಾರೂ ಮೋಸಹೋಗಲಿಲ್ಲ. ರೈಲಿನಲ್ಲಿ ತಾನು ಕಾದಿರಿಸಿದ ಸೀಟಿನಲ್ಲಿ ಕೂತವರನ್ನು ನೋಡುವ ಹಾಗೆ ಯಜಮಾನ್ತಿ ಬಜಾರಿಯನ್ನು ನೋಡಿದಳು. ಇಬ್ಬರ ಕತ್ತಿನ ಗರಿಗಳೂ ಕೊಡೆ ಬಿಚ್ಚಿದವು. ಮೂತಿಗೆ ಮೂತಿ. ನೆಗೆತ, ಒದೆತ, ಧೂಳು. ಹೆಂಟೆಗಳ ಜಗಳ ಬಿಡಿಸುವುದು ಹುಂಜದ ಕೆಲಸವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಹೆಡ್‌ಮಾಸ್ಟರು ಗೊಬ್ಬರದ ಗುಂಡಿಯ ಮೇಲೆ ನಿಂತು ಬೇರೆ ದಿಕ್ಕಿಗೆ ಕೂಗುತ್ತಿದ್ದ. ಬೇಗನೆ ಯಜಮಾನ್ತಿ ಹಿಂದೆ ಸರಿದು, ನೆಲದಲ್ಲಿ ಏನೋ ಮುಖ್ಯವಾದದ್ದು ಬಿದ್ದಿದೆ ಎಂದು ಕೆದರತೊಡಗಿದಳು. ಅಷ್ಟೇ, ರಾಜ್ಯ ಹೋಯಿತು. ಅಲ್ಲಿಂದ ಬಜಾರಿ ಒಬ್ಬೊಬ್ಬರ ಲೆಕ್ಕವನ್ನೂ ಚುಕ್ತಾ ಮಾಡಿದಳು. ನುಚ್ಚು ಎರಡು ಕಡೆ ಹಾಕಿದೆ, ಎರಡು ಕಡೆಯೂ ಅವಳೇ. ದಂಟಿನ ಸೊಪ್ಪಿನ ಕಟ್ಟು ತೂಗುಹಾಕಿದೆ, ಗಮನ ಬೇರೆ ಕಡೆ ಹೋಗಲೆಂದು. ಸೊಪ್ಪನ್ನೂ ತಿಂದು ಇವರನ್ನೂ ಅಟ್ಟಿದಳು. ಮೊಟ್ಟೆಯ ಬುಟ್ಟಿ ಬರಿದಾಯಿತು.

ಇವರು ಮೊಬೈಲಿನಲ್ಲಿ ಕಾರಣ ಹುಡುಕಿದರು. ನಾರ್ವೆಯಲ್ಲಿ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ಎಂಬಾತನಿದ್ದನಂತೆ, ಹುಟ್ಟಿದ್ದು 1894ರಲ್ಲಿ. ಚಿಕ್ಕ ಹುಡುಗನಿದ್ದಾಗಿಂದ ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕುತ್ತಾರೆಂದು ಬರೆದಿಟ್ಟುಕೊಳ್ಳುತ್ತಿದ್ದವನು, 1922ರಲ್ಲಿ ಅದನ್ನೇ ಜರ್ಮನ್ ಭಾಷೆಯಲ್ಲಿ ಪ್ರಬಂಧವಾಗಿ ಪ್ರಕಟಿಸಿದ. ಕೋಳಿಗಳಲ್ಲಿ ಮೇಲಿನವಳಿಗೆ ಕೆಳಗಿನವಳನ್ನು ಕುಕ್ಕುವ ಹಕ್ಕು, ಕೆಳಗಿನವಳಿಗೆ ಅವಳ ಕೆಳಗಿನವಳನ್ನು. ಒಮ್ಮೆ ಇತ್ಯರ್ಥವಾದರೆ ದಿನಾ ಜಗಳವಿಲ್ಲ. ಹೊಸಬರು ಬಂದರೆ ಲೆಕ್ಕವೆಲ್ಲ ಮೊದಲಿಂದ. ಇಷ್ಟು ಕಂಡುಹಿಡಿದವನಿಗೆ ತನ್ನ ದೇಶದ ವಿಶ್ವವಿದ್ಯಾಲಯದಲ್ಲಿ ಮೇಲಿನವರೊಡನೆ ಹೊಂದದೆ ನೆಲೆ ಸಿಗಲಿಲ್ಲವೆಂದು ಓದಿ, ಇವರು ಅವನನ್ನು ಸ್ವಂತ ಅಣ್ಣನೆಂದೇ ತಿಳಿದು ಕಾಫಿ ಎರಡು ಲೋಟ ಕುಡಿದರು.

ನಗೆ ಅಲ್ಲಿಗೆ ಸ್ವಲ್ಪ ನಿಂತಿತು. ಬೂದಿ ಒಗೆಯುವ ಕಲ್ಲಿನ ಹಿಂದೆ ಮೂಲೆಗೆ ಮುಖ ಮಾಡಿ ನಿಂತಿದ್ದಳು. ತಲೆಯ ಹಿಂದೆ ಗರಿ ಹೋಗಿ ರಕ್ತ ಜಿನುಗಿತ್ತು. ಕೋಳಿಗೆ ಕೆಂಪು ಕಂಡರೆ ಕುಕ್ಕಬೇಕೆನಿಸುತ್ತದೆ. ಬಜಾರಿಯೊಬ್ಬಳಲ್ಲ, ವರ್ಷಗಳಿಂದ ಪಕ್ಕದಲ್ಲೇ ಮಲಗಿದ್ದ ಕರಿಯವ್ವ, ಕಂದಿಯೂ ಬಂದು ಒಂದೊಂದು ಏಟು ಹಾಕಿ ಹೋಗುತ್ತಿದ್ದರು. ಒಳಗೆ ತಂದು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ಅತ್ತೆ ಪಡಸಾಲೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ತಲೆ ಎತ್ತದೆ ಹೇಳಿದರು: ‘ಎಲ್ರೂ ಉಂಡ ಮೇಲೆ ಉಣ್ಣೋಳು ಒಬ್ಳು ಇದ್ದೇ ಇರ್ತಾಳೆ ಬಿಡು. ನಮ್ಮತ್ತೆ ಕಾಲ್ದಲ್ಲಿ ಮನೆ ತುಂಬಾ ಜನ. ನಂಗುಳಿಯೋದು ಮಡಕೆ ತಳದ ಸೀಕು. ಸೀಕೇ ಇಷ್ಟ ನಂಗೆ ಅಂತಿದ್ದೆ. ಹಂಗಂದ್ರೆ ಯಾರೂ ಮತ್ತೆ ಕೇಳ್ತಿರ್ಲಿಲ್ಲ.’

ಈಗಲೂ ಮುದ್ದೆ ತೊಳಸಿದ ಮೇಲೆ ಅತ್ತೆಗೆಂದು ಸೀಕು ಎತ್ತಿಡುವುದು ನಮ್ಮ ಮನೆಯ ವಾಡಿಕೆ. ಇಷ್ಟ ಅಂತ.

ಅವತ್ತು ಮುದ್ದೆಯನ್ನೇ ಬಡಿಸಿದೆ. ‘ಸೀಕೆಲ್ಲೇ?’ ಅಂದರು. ಬೂದಿಗೆ ಹಾಕಿದೆ ಅಂದೆ. ಅವರು ಏನೂ ಅನ್ನದೆ ತಿಂದರು. ಬೂದಿ ಆಮೇಲೆ ಬಚ್ಚಲುಮನೆಯಲ್ಲೇ ಉಳಿದಳು, ಈಗ ಅತ್ತೆಯ ಕೈಯಿಂದಲೇ ಅವಳಿಗೆ ಊಟ.

ಇನ್ನು ಹಿತ್ತಿಲಿನ ಕ್ರಾಂತಿ. ಒಂದು ದಿನ ರಾಗಿ ಚೆಲ್ಲಿದ್ದೆ. ಬಜಾರಿ ಎಂದಿನಂತೆ ನುಗ್ಗಿದಳು, ಎಲ್ಲರೂ ಚದುರಿದರು. ಕುಳ್ಳಿ ಕದಲಲಿಲ್ಲ. ಎಲ್ಲರಿಂದ ಒದೆ ತಿಂದು ಬೆಳೆದ ಕುಳ್ಳಿ, ತಲೆ ಒಂದಿಷ್ಟು ಓರೆ ಮಾಡಿ ನೋಡಿ, ಬಜಾರಿಯ ಜುಟ್ಟಿಗೆ ಒಂದೇ ಒಂದು ಕೊಟ್ಟಳು. ಬಜಾರಿ ಹಿಂದೆ ಹೆಜ್ಜೆಯಿಟ್ಟಳು! ಅಂದಿನಿಂದ ಕುಳ್ಳಿ ಬಂದರೆ ಬಜಾರಿ ದಾರಿ ಬಿಡುತ್ತಾಳೆ. ಹಾಗೆಂದು ಕುಳ್ಳಿ ರಾಣಿಯೇ? ಇಲ್ಲ, ಯಜಮಾನ್ತಿ ಈಗಲೂ ಅವಳನ್ನು ಬಡಿಯುತ್ತಾಳೆ. ಯಜಮಾನ್ತಿಯನ್ನು ಬಜಾರಿ ಬಡಿಯುತ್ತಾಳೆ. ಇಂಥ ತ್ರಿಕೋನಗಳನ್ನೂ ಆ ನಾರ್ವೆಯವನು ಬರೆದಿಟ್ಟಿದ್ದಾನಂತೆ. ಇವರಿಗೆ ಹಬ್ಬ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬಾಣದ ಗುರುತು ಹಾಕಿ ತ್ರಿಕೋನ ಬರೆದು, ಬಂದವರಿಗೆಲ್ಲ ತೋರಿಸಿ ಪಾಠ ಮಾಡುತ್ತಿದ್ದಾರೆ. ವಿಮೆ ಏಜೆಂಟರು ಕೇಳಿ ಮುಗಿಸಿ, ‘ಮೂರನ್ನೂ ಸಾರು ಮಾಡ್ಬಹುದಲ್ಲ ಸಾರ್’ ಅಂದರು.

ಈಗ ಬಜಾರಿ ಕಾವಿಗೆ ಕೂತಿದ್ದಾಳೆ. ಗೂಡಿನಲ್ಲಲ್ಲ, ಬುಟ್ಟಿಯಲ್ಲಲ್ಲ, ಬಚ್ಚಲೊಲೆಗೆಂದು ಕೂಡಿಟ್ಟ ತೆಂಗಿನ ಮಟ್ಟೆಯ ರಾಶಿಯ ಮೇಲೆ. ಇಪ್ಪತ್ತೊಂದು ದಿನ ಆ ರಾಶಿ ಅವಳದು. ಇವರು ಒಂದು ಮಟ್ಟೆ ಎಳೆಯಲು ಹೋಗಿ ಲುಂಗಿ ಹರಿಸಿಕೊಂಡರು, ನಾನು ಮೊರ ಅಡ್ಡ ಹಿಡಿದು ಹೋಗಿ ಮೊರ ಬಿಟ್ಟು ಬಂದೆ. ಅತ್ತೆಗೆ ಗ್ಯಾಸಿನ ಮೇಲೆ ನೀರು ಕಾಯಿಸಿ ಕೊಡುತ್ತಿದ್ದೇನೆ. ಇವರು ತಣ್ಣೀರು ಸ್ನಾನ ಮಾಡುತ್ತಿದ್ದಾರೆ. ಆರೋಗ್ಯಕ್ಕೆ ಬಹಳ ಒಳ್ಳೆಯದೆಂದು ಕಾಂಪೌಂಡಿನ ಆಚೆ ನಿಂತ ಇಂಜಿನಿಯರ್ರಿಗೆ ನಡುಗುತ್ತಲೇ ವಿವರಿಸುತ್ತಾರೆ.