ಪಂಜರ ಗೆದ್ದವರು ರಿಂಗಿಗೇಕೆ ಬರ್ತಾರೆ?

ಅಲ್ಲಾ ರಾಯರೇ, ನಿಮ್ಮ ಮೊಮ್ಮಗ ಭಾನುವಾರ ಬೆಳಗ್ಗೆ ದೋಸೆ ಆರಿ ತಣ್ಣಗಾದರೂ ಏಳದೆ ಯುಎಫ್‌ಸಿ ಅನ್ನೋ ಪಂಜರದ ಕಾದಾಟ ನೋಡ್ತಾ ಕೂರ್ತಾನೆ ಅಂದಮಾತ್ರಕ್ಕೆ ಬಾಕ್ಸಿಂಗಿನ ಕಥೆ ಮುಗೀತು ಅಂದುಬಿಟ್ರೆ ಹೇಗ್ರೀ? ಅವನ ವಾದ ನಂಗೂ ಗೊತ್ತು. ಒದೆಯೋ ಹಾಗಿಲ್ಲ, ಕೆಡವೋ ಹಾಗಿಲ್ಲ, ಬರೀ ಗುದ್ದಾಟದಲ್ಲಿ ನೋಡೋದೇನು ಅಂತ ತಾನೆ? ಸಾಕ್ಷಿಯೂ ಇದೆ ಬಿಡಿ. 1993ರಲ್ಲಿ ಡೆನ್ವರಿನಲ್ಲಿ ಮೊಟ್ಟಮೊದಲ ಯುಎಫ್‌ಸಿ ನಡೆದಾಗ ಆರ್ಟ್ ಜಿಮ್ಮರ್ಸನ್ ಅನ್ನೋ ಬಾಕ್ಸರು ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಪಂಜರಕ್ಕಿಳಿದ. ಅದ್ಯಾಕೆ ಒಂದೇ ಕೈಗೆ ಅಂತೀರಾ, ಇನ್ನೊಂದು ಕೈಲಿ ಎದುರಾಳಿಯನ್ನು ಹಿಡಿಯೋಕಂತೆ! ಅವನಿಗಿಂತ ಹಗುರ ಆಳು ರಾಯ್ಸ್ ಗ್ರೇಸಿ ಅವನನ್ನು ಕೆಡವಿ ಮೇಲೆ ಕೂತ. ಎರಡೂವರೆ ನಿಮಿಷದೊಳಗೆ ಬಾಕ್ಸರು ಸೋಲೊಪ್ಪಿಕೊಂಡ.

ಆದರೆ ಬಾಕ್ಸಿಂಗ್ ನೋಡೋ ಜನ ಅತ್ತ ವಾಲಿದ್ದು ಆ ಪಟ್ಟುಗಳಿಗೆ ಮಾತ್ರ ಮರುಳಾಗಿ ಅಲ್ಲ. ಮನೆಯೊಳಗೇ ಹುಳುಕಿತ್ತು. ಒಂದೊಂದು ತೂಕಕ್ಕೂ ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ಸಂಸ್ಥೆ, ನಾಲ್ಕು ಬೆಲ್ಟು. ಒಂದೇ ಮಠಕ್ಕೆ ನಾಲ್ವರು ಸ್ವಾಮಿಗಳಿದ್ದ ಹಾಗೆ, ಯಾರಿಗೆ ಅಡ್ಡಬೀಳಬೇಕು ಹೇಳಿ? ಆಗಿನ ದೊಡ್ಡ ಬಾಕ್ಸರುಗಳಾದ ಮೇವೆದರ್, ಪಕಿಯಾವೊ ಇಬ್ಬರೂ ಎದುರಾಗಲಿ ಅಂತ ಜನ 2009ರಿಂದ ಕಾದರು. ಮಾತುಕತೆ ಮುರಿದು, ಮತ್ತೆ ಕೂಡಿ, ಕೊನೆಗೆ ನಡೆದದ್ದು 2015ರಲ್ಲಿ, ಇಬ್ಬರ ಕಸುವೂ ಇಳಿಮುಖವಾದ ಮೇಲೆ. ಯುಎಫ್‌ಸಿಯಲ್ಲಿ ಯಜಮಾನ ಒಬ್ಬನೇ, ಜೋಡಿ ಕಟ್ಟೋನೂ ಅವನೇ. ಹುಡುಗರಿಗೆ ಇಷ್ಟವಾಗದೆ ಇರುತ್ತಾ?

ಆದರೂ ದುಡ್ಡು ಬೇಕಾದಾಗ ಅಲ್ಲಿನ ಶೂರರು ಬರೋದು ಎಲ್ಲಿಗೆ? ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ ಕಾನರ್ ಮೆಕ್‌ಗ್ರೆಗರ್ 2017ರಲ್ಲಿ ನೇರವಾಗಿ ಮೇವೆದರನ ಮುಂದೆ ನಿಂತ. ಹತ್ತನೇ ಸುತ್ತಿನಲ್ಲಿ ಸೋತರೂ ಅದುವರೆಗೆ ಪಂಜರದಲ್ಲಿ ಎಂದೂ ಕಾಣದಷ್ಟು ಹಣ ಬಾಚಿಕೊಂಡ. ಫ್ರಾನ್ಸಿಸ್ ಎನ್‌ಗಾನು ಚಾಂಪಿಯನ್ ಆಗಿದ್ದಾಗಲೇ ಯುಎಫ್‌ಸಿ ಬಿಟ್ಟು, 2023ರಲ್ಲಿ ರಿಯಾದಿನಲ್ಲಿ ಬಾಕ್ಸರ್ ಟೈಸನ್ ಫ್ಯೂರಿಯನ್ನು ಮೂರನೇ ಸುತ್ತಿನಲ್ಲಿ ನೆಲಕ್ಕುರುಳಿಸಿದ! ತೀರ್ಪು ಮಾತ್ರ ಕೂದಲೆಳೆಯಲ್ಲಿ ಫ್ಯೂರಿಯ ಕಡೆ ಹೋಯ್ತು. ಎನ್‌ಗಾನುವಿನ ಗರ್ವ ಇಳಿಯೋಕೂ ತಡವಾಗಲಿಲ್ಲ. ಮರುವರ್ಷ ಇನ್ನೊಬ್ಬ ಬಾಕ್ಸರ್ ಆಂಥೊನಿ ಜೋಶುವಾ ಎರಡನೇ ಸುತ್ತಿಗೇ ಅವನನ್ನು ಮಲಗಿಸಿದ.

ಬಾಕ್ಸಿಂಗ್ ಮುಗೀತು ಅನ್ನೋ ಮೊಮ್ಮಗನಿಗೆ ಇದೊಂದು ಕೇಳಿ ರಾಯರೇ. 2025ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಕನೆಲೊ, ಕ್ರಾಫರ್ಡ್ ಸೆಣಸಿದ ಬಾಕ್ಸಿಂಗಿಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರಲ್ಲ, ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಒಬ್ಬ ಯಾರು ಗೊತ್ತಾ? ಯುಎಫ್‌ಸಿಯ ಯಜಮಾನ ಡಾನಾ ವೈಟ್.