ದೀನತೆಗೆ ಮಹಾಪ್ರಾಣ

ಲೆಂಟ್ ದಿನಗಳಲ್ಲಿ ನಮ್ಮ ಸಭೆಯವರು ಮೂರು ರಾತ್ರಿಯ ಉಜ್ಜೀವನ ಕೂಟ ಇಟ್ಟುಕೊಂಡರು. ವಡಾಲ ಸ್ಟೇಷನ್ನಿನ ಹೊರಗೆ ಫ್ಲೆಕ್ಸ್ ಬಿತ್ತು. ಹತ್ತಡಿ ಅಗಲ. ಅದರ ಮೇಲೆ ಹದಿನಾಲ್ಕು ಮುಖ. ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು, ಖಜಾಂಚಿಗಳ ಭಾವಮೈದ. ಯೇಸುಸ್ವಾಮಿಗೂ ಜಾಗ ಕೊಟ್ಟಿದ್ದರು. ಎಡಗಡೆ ಮೂಲೆಯಲ್ಲಿ, ಸೌಂಡ್ ಸಿಸ್ಟಮ್ಮಿನವನ ಫೋನ್ ನಂಬರಿನ ಪಕ್ಕ.

ನಟ್ಟನಡುವೆ, ಕೆಂಪಕ್ಷರದಲ್ಲಿ ಕೂಟದ ವಿಷಯ: 'ಧೀನತೆ'.

ಹೌದು, ಹೊಟ್ಟೆ ಸೀಳಿದ ಧ. ದೀನತೆಯನ್ನೂ ಎದೆಯುಬ್ಬಿಸಿ ನಿಲ್ಲಿಸಿದ್ದರು. 'ಧೀ' ಅಂದರೆ ಬುದ್ಧಿ. ಆ ಹತ್ತಡಿಯಲ್ಲಿ ಎಲ್ಲಿ ಹುಡುಕಿದರೂ ಅದೂ ಕಾಣಲಿಲ್ಲ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ನೋಡಿ ಹೇಳಿದ. "ಅಂಕಲ್, ಅದು ಸಣ್ಣ ದ ಅಲ್ವಾ?"

ಕಾರ್ಯದರ್ಶಿಗಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನಮಗೇ ಕಲಿಸೋಕೆ ಬಂದ್ಯೇನೋ? ಮೊದಲು ನೀನು ದೀನತೆ ಕಲಿ."

ಬಾಯಲ್ಲಿ ಸರಿಯಾಗಿಯೇ ಬಂತು, ನೋಡಿ. ಉಬ್ಬಿದ್ದು ಫ್ಲೆಕ್ಸಿನ ಮೇಲೆ ಮಾತ್ರ. ಮೂರು ದಿನ ಅದು ಹಾಗೆಯೇ ನೇತಾಡಿತು. ಹುಡುಗ ಮಾತ್ರ ಮಾರನೇ ದಿನದಿಂದ ಬರಲಿಲ್ಲ.

ಬೇರೆ ಊರಾಗಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ಇದು ವಡಾಲ. ಎನ್‌ಕೆಇಎಸ್ ಕನ್ನಡ ಶಾಲೆ ಇರುವುದು ಇಲ್ಲೇ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿ ಮೇಲೆ ಬಂದ ಕನ್ನಡಿಗರ ಮುಂಬೈ ಇದು. ಆ ಹುಡುಗರು ತೂಕಡಿಸುತ್ತ ಬೆಂಚಿನ ಮೇಲೆ ಕೂರುತ್ತಿದ್ದರು. ಕೇಳಿದ್ದು ಬಾರದಿದ್ದರೆ ಎದ್ದು ನಿಂತು 'ಗೊತ್ತಿಲ್ಲ ಸಾರ್' ಅನ್ನುತ್ತಿದ್ದರು. 'ಗೊತ್ತಿಲ್ಲ' ಅನ್ನುವ ಮಾತನ್ನು ನಮ್ಮ ಸಭೆಯ ಮುಂದಿನ ಸಾಲಿನಿಂದ ನಾನು ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ಕೇಳಿಲ್ಲ.

ನಮ್ಮಲ್ಲಿ ಕಲಿಯುವವರೇ ಇಲ್ಲ. ಎಲ್ಲರೂ ಕಲಿಸುವವರು.

ಮೊದಲ ರಾತ್ರಿಯ ಪ್ರಸಂಗಿಗಳನ್ನು ಪರಿಚಯಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಕೊನೆಗೆ ಮೈಸೂರು ಪೇಟ. ದೀನತೆಯ ಮೇಲೆ ಮಾತನಾಡಲು ಬಂದವರು ಪೇಟ ಜಾರದಂತೆ ಕತ್ತು ನೆಟ್ಟಗಿಟ್ಟುಕೊಂಡು ಒಂದೂಮುಕ್ಕಾಲು ಗಂಟೆ ಮಾತನಾಡಿದರು. ಅದರಲ್ಲಿ ಅರ್ಧ ಗಂಟೆ ತಮ್ಮ ವಿದೇಶ ಪ್ರವಾಸ. ಪ್ರಾರ್ಥನೆಗೆ ತಲೆ ಬಾಗಿಸಿ ಎಂದು ನಮಗೆ ಹೇಳಿದರು. ತಾವು ಬಾಗಿಸಲಿಲ್ಲ. ಪೇಟ ಇತ್ತಲ್ಲ.

ಅವರ ಹೆಸರಿನ ಹಿಂದೆ 'ಡಾ.' ಇತ್ತು. ಈಗ ಯಾರ ಹೆಸರಿನ ಹಿಂದೆ ಇಲ್ಲ ಹೇಳಿ. ಹೋಟೆಲೊಂದರ ಹಾಲಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಕರಿಗೌನು ಹಾಕಿ, ಹನ್ನೊಂದಕ್ಕೆ ಡಾಕ್ಟರೇಟು ಕೈಗಿಟ್ಟು, ಹನ್ನೆರಡಕ್ಕೆ ಬಿರಿಯಾನಿ ಬಡಿಸುತ್ತಾರೆ. ಯುಜಿಸಿಯವರು ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಪ್ರಕಟಿಸುತ್ತಾರಲ್ಲ, ಅದನ್ನೊಮ್ಮೆ ತೆಗೆದು ನೋಡಿ. ಗುಂಟೂರಿನ 'ಕ್ರೈಸ್ಟ್ ನ್ಯೂ ಟೆಸ್ಟಮೆಂಟ್ ಡೀಮ್ಡ್ ಯೂನಿವರ್ಸಿಟಿ' ಅದರಲ್ಲಿದೆ. ವಿಶಾಖಪಟ್ಟಣದ 'ಬೈಬಲ್ ಓಪನ್ ಯೂನಿವರ್ಸಿಟಿ ಆಫ್ ಇಂಡಿಯಾ' ಅದರಲ್ಲಿದೆ. ನಾವು ಕನ್ನಡದಲ್ಲಿ ಬೈಬಲ್ಲಿಗೆ ಸತ್ಯವೇದ ಅನ್ನುತ್ತೇವೆ. ಸತ್ಯವೇದದ ಹೆಸರಿನಲ್ಲೇ ಸುಳ್ಳು ಸರ್ಟಿಫಿಕೇಟು. ಇನ್ನೇನು ಬೇಕು?

ಗೌರವ ಡಾಕ್ಟರೇಟು ಪಡೆದ ಇನ್ನೊಬ್ಬ ಕ್ರೈಸ್ತ ನಮ್ಮ ಭಾಷೆಯಲ್ಲಿದ್ದಾನೆ. ಫರ್ಡಿನೆಂಡ್ ಕಿಟೆಲ್. ಬಾಸೆಲ್ ಮಿಷನ್ನಿನವನು. 1853ರಲ್ಲಿ ಬಂದ. ಇಲ್ಲಿಯವರ ನಡುವೆ ಇಲ್ಲಿಯವನಂತೆ ಬದುಕಬೇಕೆಂದು ಹಳ್ಳಿ ಹಳ್ಳಿ ಕಾಲ್ನಡಿಗೆಯಲ್ಲಿ ಅಲೆದ. ಮಿಷನ್ನಿನ ದೊಡ್ಡವರಿಗೆ ಅದು ಹಿಡಿಸಲಿಲ್ಲ. ದೊರೆಯಂತಿರಬೇಕಾದವನು ರೈತನ ಹತ್ತಿರ ಪಾಠ ಹೇಳಿಸಿಕೊಂಡರೆ ಯಾವ ಕಾಲದ ಸಮಿತಿಗೆ ತಾನೇ ಹಿಡಿಸೀತು? 1894ರಲ್ಲಿ ಮಂಗಳೂರಿನಿಂದ ಅವನ ನಿಘಂಟು ಹೊರಬಂತು. ಸುಮಾರು 70,000 ಪದ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟು ಕೊಟ್ಟಿತು. ಬಂದು ನಲವತ್ತಮೂರು ವರ್ಷ ಕಳೆದಿತ್ತು. ಬಿರಿಯಾನಿ ಇತ್ತೋ ಇಲ್ಲವೋ ಚರಿತ್ರೆಯಲ್ಲಿ ದಾಖಲಾಗಿಲ್ಲ.

ಆ ನಿಘಂಟನ್ನು ತೆರೆದಿದ್ದರೆ ದೀನತೆಗೆ ಯಾವ ದ ಎಂದು ಒಂದು ನಿಮಿಷದಲ್ಲಿ ಸಿಗುತ್ತಿತ್ತು. ತೆರೆಯಬೇಕಲ್ಲ. ಕಿಟೆಲನ ಚಿತ್ರ ಆಫೀಸಿನ ಗೋಡೆಯ ಮೇಲಿದೆ. ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ. 'ನಮ್ಮ ಕಿಟೆಲ್' ಅನ್ನುತ್ತೇವೆ. ಪುಸ್ತಕ ಬೀರುವಿನಲ್ಲಿದೆ. ಬೀಗದ ಕೈ ಖಜಾಂಚಿಗಳ ಹತ್ತಿರ. ಖಜಾಂಚಿಗಳು ಊರಿಗೆ ಹೋಗಿದ್ದಾರೆ.

ಇನ್ನು ನಮ್ಮ ಬುಧವಾರದ ಬೈಬಲ್ ಅಧ್ಯಯನಕ್ಕೆ ಬನ್ನಿ. ಸಂಜೆ ಏಳೂವರೆ. ಬಾಡಿಗೆ ಹಾಲು. ನಮಗಿಂತ ಮೊದಲು ಮರಾಠಿಯವರ ಕೂಟ, ನಮ್ಮ ನಂತರ ತಮಿಳರದು. ಮುಂದೆ ಕುಶನ್ ಕುರ್ಚಿ. ಅಲ್ಲಿ ಮಂಗಳೂರು, ಉಡುಪಿ, ಧಾರವಾಡದ ಹಳೇ ಮನೆತನದವರು. ಮೂರು ತಲೆಮಾರಿನ ಕ್ರೈಸ್ತರು. ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿ. ಅದರ ಹಿಂದೆ ಚಾಪೆ. ಚಾಪೆಯ ಮೇಲೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯವರು. ಟ್ರಕ್ ಟರ್ಮಿನಲ್ಲಿನಲ್ಲಿ ಲೋಡಿಂಗ್ ಮಾಡುವವರು, ಕಟ್ಟಡದ ಕೆಲಸದವರು, ಮನೆಗೆಲಸದವರು. ಚಾಪೆಯಲ್ಲಿ ಕೂರಿ ಎಂದು ಯಾರೂ ಹೇಳಿಲ್ಲ. ಹೇಳುವ ಅಗತ್ಯ ಬಿದ್ದಿಲ್ಲ. ಉಳ್ಳವನಿಗೆ ಒಳ್ಳೇ ಕುರ್ಚಿ, ಬಡವನಿಗೆ ಕಾಲ ಬುಡ ಎಂದು ಭೇದ ಮಾಡಬೇಡಿರೆಂದು ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಉಗಿದಿದ್ದಾನೆ. ಆ ಅಧ್ಯಾಯವನ್ನೂ ನಾವು ಅಧ್ಯಯನ ಮಾಡಿದ್ದೇವೆ. ಕುಶನ್ ಮೇಲೆ ಕೂತು.

ಒಂದು ಬುಧವಾರ ಯೋಹಾನ 13. ಪಾದ ತೊಳೆದ ಪ್ರಸಂಗ. ನಮ್ಮ ಪಾಸ್ಟರ್ ಅಯ್ಯಗಳು ಗುರುವಿನ ದೀನತೆಯನ್ನು ಬಣ್ಣಿಸಿ ಬಣ್ಣಿಸಿ ಬೆವರು ಒರೆಸಿಕೊಂಡರು. ಚಾಪೆಯಿಂದ ಒಂದು ದನಿ ಬಂತು. ಯಾದಗಿರಿ ಕಡೆಯ ಹೆಣ್ಣುಮಗಳು. ಆಂಟಾಪ್ ಹಿಲ್ಲಿನಲ್ಲಿ ಖೋಲಿ, ಐದು ಮನೆಯ ಭಾಂಡೆ. ಓದಲು ಬಾರದು. ಕೇಳಿದ್ದನ್ನು ಮರೆಯುವವಳಲ್ಲ.

"ಅಯ್ಯಗೋಳ್ರಿ, ಒಂದ್ ಮಾತ್ ಕೇಳ್ಲೇನ್ರಿ? ಸ್ವಾಮಿ ಆ ಯೂದನ ಕಾಲೂ ತೊಳದಾನೇನ್ರಿ?"

ಹಾಲು ಒಂದು ಕ್ಷಣ ಸುಮ್ಮನಾಯಿತು. ನಾನು ಕೇಳಿದ ಪ್ರಶ್ನೆಗಳಲ್ಲೇ ಅಂಥದ್ದು ಇನ್ನೊಂದಿಲ್ಲ. ಅರ್ಧ ಗಂಟೆಯ ಪಾಠವನ್ನು ಒಂದೇ ಏಟಿಗೆ ಅದರ ಬುಡಕ್ಕೆ ತಂದು ನಿಲ್ಲಿಸಿದ್ದಳು. ಹಿಡಿದುಕೊಡುವವನ ಕಾಲು ಹಿಡಿಯುವುದು ದೀನತೆಯೋ, ನಮ್ಮ ಗುಂಪಿನವರ ಕಾಲು ಹಿಡಿಯುವುದೋ?

ಅಯ್ಯಗಳು ಕನ್ನಡಕ ತೆಗೆದರು. "ಸಭೆ ಅಂದ ಮೇಲೆ ಕ್ರಮ ಇರಬೇಕಮ್ಮ. ಕೇಳೋದಿದ್ದರೆ ಮನೆಯವರನ್ನ ಕೇಳು. ಪೌಲ ಬರೆದಿಟ್ಟಿದ್ದಾನೆ."

ಆಕೆಯ ಮನೆಯವರು ಶಿವಡಿಯ ಕ್ರಿಶ್ಚಿಯನ್ ಸ್ಮಶಾನದಲ್ಲಿ ಮಲಗಿದ್ದಾರೆ. ನಾಲ್ಕು ವರ್ಷವಾಯಿತು. ಮೊದಲ ಹಿಡಿ ಮಣ್ಣು ಹಾಕಿದ್ದು ಇದೇ ಅಯ್ಯಗಳು.

ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಳು. ಮುಂದಿನ ಸಾಲಿನಿಂದ ಯಾರೋ "ಆಮೆನ್" ಅಂದರು. ಯಾವುದಕ್ಕೆ ಆಮೆನ್ ಎಂದು ನನಗೆ ಇನ್ನೂ ತಿಳಿದಿಲ್ಲ.

ಆ ರಾತ್ರಿ ಮನೆಗೆ ಬಂದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ ತೆಗೆದೆ. 14ನೇ ಅಧ್ಯಾಯ. ಕ್ರಮದ ಬಗ್ಗೆಯೇ ಇರುವ ಅಧ್ಯಾಯ. ಅಲ್ಲಿ ಪೌಲ ಸುಮ್ಮನಿರಲು ಹೇಳುವುದು ಮೂವರಿಗೆ. ಮೊದಲನೆಯವನು ಅನ್ಯಭಾಷೆ ಆಡುವವನು. ಅರ್ಥ ಬಿಡಿಸಿ ಹೇಳುವವರು ಇಲ್ಲದಿದ್ದರೆ ಅವನು ಬಾಯಿ ಮುಚ್ಚಬೇಕು. ಎರಡನೆಯವನು ಪ್ರವಾದಿಸುವವನು, ಕೂತವರಲ್ಲಿ ಇನ್ನೊಬ್ಬರಿಗೆ ಏನಾದರೂ ಹೊಳೆದರೆ ಇವನು ನಿಲ್ಲಿಸಬೇಕು. ಹೆಂಗಸರ ಮಾತು ಬರುವುದು ಆಮೇಲೆ. ಗ್ರೀಕಿನಲ್ಲಿ ಮೂರು ಕಡೆಯೂ ಒಂದೇ ಕ್ರಿಯಾಪದ. ನಮ್ಮವರಿಗೆ ಬಾಯಿಪಾಠ ಆಗಿರುವುದು ಮೂರನೆಯದು. ಮೊದಲೆರಡು ಪುಟಕ್ಕೆ ಗೆದ್ದಲು ಹತ್ತಿದೆ.

ಮಾತನಾಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೊಬ್ಬರು ಎಂದೂ ಅಲ್ಲೇ ಇದೆ. ಎಲ್ಲರೂ ಕಲಿಯಲಿ ಎಂಬುದು ಕಾರಣ. ನಮ್ಮ ಉಜ್ಜೀವನ ಕೂಟದಲ್ಲಿ ಭಾಷಣಕಾರರು ಐವರು, ವಂದನಾರ್ಪಣೆ ಪ್ರತ್ಯೇಕ. ಮೂರು ಅಧ್ಯಾಯ ಹಿಂದೆ ಹೋದರೆ ಅದೇ ಪೌಲ ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕಿರಲಿ ಅನ್ನುತ್ತಾನೆ. ಬಾಯಿ ಮುಚ್ಚಿಕೊಂಡವಳು ಪ್ರವಾದಿಸುವುದು ಹೇಗೆ ಸ್ವಾಮಿ? ಕಣ್ಸನ್ನೆಯಲ್ಲೋ?

ದಕ್ಷಿಣ ಭಾರತ ಸಭೆ 2013ರಲ್ಲೇ ನಂದ್ಯಾಲಕ್ಕೆ ಪುಷ್ಪಲಲಿತ ಅವರನ್ನು ಬಿಷಪ್ ಮಾಡಿತು. ಹೆಂಗಸು ಬಿಷಪ್ ಆಗಬಹುದು. ವಡಾಲದ ಬಾಡಿಗೆ ಹಾಲಿನಲ್ಲಿ ಒಂದು ಪ್ರಶ್ನೆ ಕೇಳಬಾರದು. ನಮ್ಮ ಸ್ತ್ರೀ ಸಮಾಜಕ್ಕೆ ಉಪ್ಪಿಟ್ಟಿನ ಪಾತ್ರೆ ಒಪ್ಪಿಸಿದ್ದೇವೆ. ಅದರಲ್ಲಿ ಅವರು ಎಷ್ಟು ಬೇಕಾದರೂ ಸೌಟಾಡಿಸಲಿ.

ಆಮೇಲೆ ಬಂತು ಪಾದ ತೊಳೆಯುವ ಗುರುವಾರ.

ಹನ್ನೆರಡು ಜನ ಬೇಕು. ಸಮಿತಿಯ ಸಭೆ ರಾತ್ರಿ ಹನ್ನೊಂದರವರೆಗೆ ನಡೆಯಿತು. ಯಾರ ಕಾಲು ಮೊದಲು ಎಂಬುದರ ಮೇಲೆ ಇಬ್ಬರು ಹಿರಿಯರು ಈಗಲೂ ಮಾತು ಬಿಟ್ಟಿದ್ದಾರೆ. ಊಟದ ಮನೆಯಲ್ಲಿ ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ಜಗಳವಾಡಿದ್ದು ಲೂಕನಲ್ಲಿದೆ. ಅದನ್ನು ಎಚ್ಚರಿಕೆಯೆಂದು ಬರೆದಿಟ್ಟರು. ನಮ್ಮವರು ನಡಾವಳಿ ಎಂದು ಓದಿಕೊಂಡರು.

ದಿನ ಬಂತು. ಸ್ಟೀಲಿನ ಪರಾತ, ಹೂಜಿ, ಗೀಸರಿನ ಉಗುರುಬೆಚ್ಚನೆ ನೀರು. ಹನ್ನೆರಡು ಜೊತೆ ಕಾಲು ಸಾಲಾಗಿ ಕೂತವು. ಒಂದಕ್ಕಿಂತ ಒಂದು ಬೆಳ್ಳಗೆ. ಮನೆಯಲ್ಲೇ ತಿಕ್ಕಿ ತೊಳೆದು, ಉಗುರು ಕತ್ತರಿಸಿ, ಕ್ರೀಮು ಸವರಿಕೊಂಡು ಬಂದಿದ್ದರು. ಒಬ್ಬರು ಮಾಟುಂಗದ ಪಾರ್ಲರಿಗೇ ಹೋಗಿ ಬಂದರೆಂದು ಸುದ್ದಿ. ಅಯ್ಯಗಳು ಸೊಂಟಕ್ಕೆ ಹೊಸ ಟವೆಲು ಕಟ್ಟಿದ್ದರು, ಅಂಗಡಿಯ ಚೀಟಿ ಇನ್ನೂ ಅಂಚಿನಲ್ಲಿತ್ತು. ಪ್ರತಿ ಕಾಲಿಗೆ ನಾಲ್ಕು ಹನಿ. ಫೋಟೊದವನು "ಒಂದ್ನಿಮಿಷ ಅಯ್ಯಗಳೇ, ಲೈಟ್ ಬರ್ಲಿಲ್ಲ" ಅಂದ. ಖಜಾಂಚಿಗಳ ಬಲಗಾಲನ್ನು ಎರಡು ಸಲ ತೊಳೆದರು.

ಹಿಂದೆ ಚಾಪೆಯ ಮೇಲೆ ಲೋಡಿಂಗಿನವರು ಕೆಲಸದಿಂದ ನೇರ ಬಂದು ಕೂತಿದ್ದರು. ಹಿಮ್ಮಡಿ ಒಡೆದ, ಸಿಮೆಂಟು ಮೆತ್ತಿದ ಕಾಲು. ಇಡೀ ಹಾಲಿನಲ್ಲಿ ನೀರು ಬೇಕಾಗಿದ್ದ ಕಾಲೆಂದರೆ ಅವು. ಅವನ್ನು ಮಡಚಿ ಅಡಿಗೆ ಸೇರಿಸಿಕೊಂಡು ಕೂತಿದ್ದರು, ಚಾಪೆ ಕೊಳೆಯಾದೀತೆಂದು.

2013ರಲ್ಲಿ ಪೋಪ್ ಫ್ರಾನ್ಸಿಸ್ ಇದೇ ಗುರುವಾರ ರೋಮಿನ ಕಾಸಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಕ್ಕಳ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ನಿಯಮದಲ್ಲಿ ಗಂಡಸರು ಎಂದಿದೆಯಲ್ಲ ಎಂದು ಶಿಸ್ತಿನವರು ಕುದಿದರು. 2016ರಲ್ಲಿ ಫ್ರಾನ್ಸಿಸ್ ನಿಯಮವನ್ನೇ ಬದಲಿಸಿದರು. ನಮ್ಮವರು ಪ್ರಾಟೆಸ್ಟಂಟರು. ಪೋಪನಿಂದ ಏನನ್ನೂ ಕಲಿಯಬಾರದೆಂಬ ನಿಯಮವನ್ನು ಮಾತ್ರ ಐನೂರು ವರ್ಷದಿಂದ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದ್ದಾರೆ.

ಇದು ವಡಾಲದ ಒಂದು ಸಣ್ಣ ಸಭೆಯ ಗೋಳು ಎಂದು ತಳ್ಳಿಹಾಕಬೇಡಿ. ಊರಿನ ಕಡೆ ನೋಡಿ. ಸೋದರರ ಜಗಳವನ್ನು ಕೋರ್ಟಿಗೆ ಒಯ್ಯುತ್ತೀರಾ, ನಿಮ್ಮಲ್ಲಿ ಒಬ್ಬ ತಿಳಿದವನೂ ಇಲ್ಲವೇ ಎಂದು ಪೌಲ ಅದೇ ಕೊರಿಂಥದವರನ್ನು 6ನೇ ಅಧ್ಯಾಯದಲ್ಲಿ ನಾಚಿಸಿದ್ದಾನೆ. 2023ರಲ್ಲಿ ಮದ್ರಾಸ್ ಹೈಕೋರ್ಟು ದಕ್ಷಿಣ ಭಾರತ ಸಭೆಯ ಮಾಡರೇಟರ್, ಅಂದರೆ ಮುಖ್ಯಸ್ಥರ, ಚುನಾವಣೆಯನ್ನು ರದ್ದು ಮಾಡಿತು. 2024ರ ಏಪ್ರಿಲಿನಲ್ಲಿ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಲಕ್ಷಗಟ್ಟಲೆ ಸದಸ್ಯರು, ಇಪ್ಪತ್ತಕ್ಕೂ ಹೆಚ್ಚು ಬಿಷಪ್ಪರು. ಕ್ರಮ ಕಲಿಸಲು ಜಡ್ಜಿಗಳು ಬರಬೇಕಾಯಿತು.

ಈ ದೊಡ್ಡಸ್ತಿಕೆಯ ಭಾರ ನೋಡಿದರೆ ನಮ್ಮ ಮೋನೊರೈಲು ನೆನಪಾಗುತ್ತದೆ. 2025ರ ಆಗಸ್ಟ್ 19ರ ಮಳೆಯಲ್ಲಿ ಅದು ಮೈಸೂರು ಕಾಲನಿಗೂ ಭಕ್ತಿ ಪಾರ್ಕಿಗೂ ನಡುವೆ ಆಕಾಶದಲ್ಲೇ ನಿಂತುಬಿಟ್ಟಿತು. ತಡೆಯುವ ಭಾರ 104 ಟನ್, ಹೇರಿಕೊಂಡದ್ದು 109 ಟನ್. ಏಣಿ ಹಾಕಿ ಜನರನ್ನು ಇಳಿಸಿದರು. ಐದೇ ಟನ್ ಹೆಚ್ಚು. ನಮ್ಮ ವೇದಿಕೆಯ ಮೇಲಿನ ಹದಿನಾಲ್ವರ ಘನತೆಯನ್ನು ತೂಗಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ. ಇಳಿಸಲು ಏಣಿಯೂ ಇಲ್ಲ.

ನಾನೇನು ಸಾಚಾ ಎಂದು ಹೇಳಲಾರೆ. ಆ ಬುಧವಾರ ನಾನೂ ಕುಶನ್ ಕುರ್ಚಿಯಲ್ಲೇ ಇದ್ದೆ. ಉತ್ತರ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನನ್ನ ಮೌನಕ್ಕೆ ಪೌಲನೂ ಕಾರಣ ಕೊಟ್ಟಿಲ್ಲ. ಆಮೇಲಿನ ಎರಡು ಬುಧವಾರ ಆಕೆ ಬರಲಿಲ್ಲ. ಮೂರನೇ ಬುಧವಾರ ನನಗೆ ಊರಿಗೆ ಹೋಗುವುದಿತ್ತು.

ನಿಮ್ಮಲ್ಲಿ ಯಾರಾದರೂ ಆಂಟಾಪ್ ಹಿಲ್ ಕಡೆ ಹೋಗುವವರಿದ್ದರೆ ಆಕೆಗೆ ಒಂದು ಮಾತು ತಿಳಿಸಿ. ಹೌದಮ್ಮ, ಯೂದನ ಕಾಲನ್ನೂ ತೊಳೆದ. ಯೂದ ಎದ್ದು ಹೊರಗೆ ಹೋದದ್ದು ಅದಾದ ಮೇಲೆ. ಅದೇ 13ನೇ ಅಧ್ಯಾಯದಲ್ಲಿದೆ.