ಗುಂಡಿ ಒತ್ತಿದರೆ ನಿಲ್ಲುವ ರೈಲು

ಪ್ರಾಗ್‌ನಲ್ಲಿರುವ ನನ್ನ ಮಗ ಕಾರು ಇಟ್ಟುಕೊಂಡಿಲ್ಲ. ಟ್ರಾಮು, ಮೆಟ್ರೊ, ಬಸ್ಸು ಮೂರಕ್ಕೂ ಒಂದೇ ಟಿಕೆಟ್ಟು ನಡೆಯುವ ಊರಲ್ಲಿ ಕಾರು ಯಾಕೆ ಎಂಬುದು ಅವನ ವಾದ. ಸರಿಯೇ. ಆದರೆ ಅಲ್ಲಿನ ಇನ್ನೊಂದು ಕನ್ನಡ ಮನೆಯ ಯಜಮಾನರು ಹಬ್ಬದೂಟಕ್ಕೆ ಸಿಕ್ಕವರು, "ಕಾರಿಲ್ವಾ? ಛೆ, ಹಾಗಾದ್ರೆ ಪ್ರಾಗ್ ಬಿಟ್ಟು ಏನೂ ನೋಡೋಕಾಗಲ್ಲ ಬಿಡಿ ಸಾರ್" ಎಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ನನಗಾಗಿ ಮರುಗಿದರು. ಅವರು ಒಂದೇ ದಿನದಲ್ಲಿ ಚೆಸ್ಕಿ ಕ್ರುಮ್ಲೋವ್, ಹಾಲ್‌ಷ್ಟಾಟ್, ಸಾಲ್ಸ್‌ಬರ್ಗ್ ಮೂರನ್ನೂ ಮುಗಿಸಿದ್ದರಂತೆ. ಊರುಗಳನ್ನು ಮುಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ರಾತ್ರಿಯೇ ಮಗನ ಲ್ಯಾಪ್‌ಟಾಪ್ ಎಳೆದುಕೊಂಡು ಜೆಕ್ ರೈಲುಗಳ ವೇಳಾಪಟ್ಟಿ ತೆರೆದೆ.

ವೇಳಾಪಟ್ಟಿ ನನ್ನ ಹಳೆಯ ಚಟ. ಬ್ಯಾಂಕಿನಲ್ಲಿದ್ದಾಗ ರೈಲ್ವೆಯ ಹೊಸ ಟೈಂಟೇಬಲ್ ಪುಸ್ತಕ ಕೈಗೆ ಬಂದ ದಿನ ನನ್ನ ಕೌಂಟರಿನ ಮುಂದಿನ ಸಾಲು ಬಾಗಿಲಾಚೆಗೆ ಹೋಗುತ್ತಿತ್ತು. ಜೆಕ್ ವೇಳಾಪಟ್ಟಿಯಂತೂ ಸಾಕ್ಷಾತ್ ಪಂಚಾಂಗ. ಒಂದರ ಮೇಲೊಂದು ಅಡ್ಡಲಾಗಿ ಇಟ್ಟ ಎರಡು ಸುತ್ತಿಗೆಯ ಗುರುತಿದ್ದರೆ ಅದು ಕೆಲಸದ ದಿನಗಳಲ್ಲಿ ಮಾತ್ರ ಓಡುವ ರೈಲು. ಶಿಲುಬೆ ಇದ್ದರೆ ಭಾನುವಾರ ಮತ್ತು ಹಬ್ಬದ ದಿನ. ವೃತ್ತದೊಳಗೆ 6 ಎಂದಿದ್ದರೆ ಶನಿವಾರ. ಇವನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಮುಗಿಸುವ ಹೊತ್ತಿಗೆ ಮನೆಯವರೆಲ್ಲ ಮಲಗಿದ್ದರು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸಭೆ ಸೇರಿತು. ಮಗ ಕುಟ್ನಾ ಹೋರಾ ಎಂದ. ರೈಲಿನಲ್ಲಿ ಒಂದು ಗಂಟೆ, ಬೆಳ್ಳಿ ಗಣಿಯ ಹಳೇ ಊರು. ಪಕ್ಕದ ಸೆಡ್ಲೆಟ್ಸ್‌ನ ಚರ್ಚಿನಲ್ಲಿ ಕನಿಷ್ಠ 40,000 ಜನರ ಮೂಳೆಗಳಿವೆ, 1870ರಲ್ಲಿ ಒಬ್ಬ ಮರಗೆಲಸದವನು ಅವುಗಳಿಂದಲೇ ತೂಗುದೀಪ ಮಾಡಿದ್ದಾನೆ ಎಂದ. ಸೊಸೆಗೆ ಕಣ್ಣರಳಿತು. ನನ್ನ ಹೆಂಡತಿ ಮಾತ್ರ, "ಅಷ್ಟು ಜನದ ಸೂತಕ ಯಾವ ನೀರಿಗೆ ಹೋಗತ್ತೋ" ಎಂದು ಎದ್ದು ದೋಸೆ ಹುಯ್ಯಲು ಹೋದಳು. ನಾಲ್ಕನೇ ಚಾರ್ಲ್ಸ್ 1348ರಲ್ಲಿ ಕಟ್ಟಲು ತೊಡಗಿದ ಕಾರ್ಲ್‌ಷ್ಟೈನ್ ಕೋಟೆಗೆ ರೈಲು ಮುಕ್ಕಾಲು ಗಂಟೆಯಷ್ಟೇ, ಆದರೆ ಸ್ಟೇಷನ್ನಿನಿಂದ ಏರು ದಾರಿ. ಅವಳ ಮಂಡಿ ಒಪ್ಪಲಿಲ್ಲ. ಕಾರ್ಲೊವಿ ವಾರಿಯಲ್ಲಿ ಮೂತಿಯಿರುವ ಪಿಂಗಾಣಿ ಲೋಟದಲ್ಲಿ ಉಪ್ಪುಪ್ಪು ಬಿಸಿನೀರು ಕುಡಿಯುತ್ತ ಅಡ್ಡಾಡಬೇಕು. ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ. ರೈಲು ಊಸ್ತಿ ಕಡೆಯಿಂದ ಬಳಸಿಕೊಂಡು ಹೋಗಿ ಮೂರು ಗಂಟೆಗೂ ಹೆಚ್ಚು. ನಾನು ರೈಲೇ ಎಂದೆ. ಉಳಿದವರು ಬಸ್ಸೇ ಎಂದರು. ಪಿಲ್ಸೆನ್ ಊರು 1842ರಿಂದ ಹೊಂಬಣ್ಣದ ಬಿಯರಿಗೆ ಪ್ರಸಿದ್ಧ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ದೋಸೆಯ ಸೌಟು ಹಿಡಿದೇ ಹಿಂದಿರುಗಿದಳು. ಅದು ಅಲ್ಲಿಗೇ ನಿಂತಿತು.

ಇಷ್ಟರ ನಡುವೆ ನನ್ನ ಕಣ್ಣು ಬೇರೆಯದೊಂದು ಗುರುತಿನ ಮೇಲೆ ಬಿದ್ದಿತ್ತು. ಕೆಲವು ಸಣ್ಣ ನಿಲ್ದಾಣಗಳ ಮುಂದೆ ಪುಟ್ಟ ಇಂಟು ಗುರುತು. ಮಗನನ್ನು ಕೇಳಿದೆ. "ಅದಾ? ಅಲ್ಲಿ ಸುಮ್ನೆ ನಿಲ್ಲಿಸಲ್ಲಪ್ಪಾ. ಇಳಿಯೋರು ಗುಂಡಿ ಒತ್ತಬೇಕು, ಹತ್ತೋರು ಡ್ರೈವರಿಗೆ ಕಾಣೋ ಹಾಗೆ ಪ್ಲಾಟ್‌ಫಾರ್ಮಲ್ಲಿ ನಿಂತಿರಬೇಕು" ಎಂದ, ಅದೇನೂ ದೊಡ್ಡ ವಿಷಯವಲ್ಲ ಎನ್ನುವಂತೆ.

ಓದುಗರೇ, ನನ್ನ ಸ್ಥಿತಿ ಊಹಿಸಿಕೊಳ್ಳಿ. ನಮ್ಮೂರ ಹೊಲದ ಬದುವಿಗೇ ತಾಗಿಕೊಂಡು ರೈಲು ಹಾದುಹೋಗುತ್ತಿತ್ತು. ನಿಲ್ಲುತ್ತಿದ್ದದ್ದು ಮಾತ್ರ ಬೀರೂರಿನಲ್ಲಿ. ಅಲ್ಲಿಳಿದು, ಹಾದು ಬಂದ ದಾರಿಯನ್ನೇ ನಡೆದು ಹಿಂದಕ್ಕೆ ಬರಬೇಕಿತ್ತು. ಕಿಟಕಿಯಲ್ಲಿ ನಮ್ಮ ಮನೆಯ ಹುಲ್ಲಿನ ಬಣವೆ ಕಾಣುವಾಗಲೆಲ್ಲ ನನ್ನ ಕಣ್ಣು ತಲೆಯ ಮೇಲಿನ ಕೆಂಪು ಸರಪಳಿಗೆ ಹೋಗುತ್ತಿತ್ತು. ಕಾರಣವಿಲ್ಲದೆ ಎಳೆದರೆ ದಂಡ, ಜೈಲು ಎಂಬ ಬರಹ ಓದಿಕೊಂಡೇ ನಾನು ಬೆಳೆದದ್ದು. ಮುದುಕನಾಗುವವರೆಗೆ ಎಳೆಯಲಿಲ್ಲ. ಈಗ ಒಂದು ದೇಶದ ಸರ್ಕಾರವೇ, "ಬನ್ನಿ ಸ್ವಾಮಿ, ನಿಮಗೆಲ್ಲಿ ಬೇಕೋ ಅಲ್ಲಿ ನಿಲ್ಲಿಸಿಕೊಳ್ಳಿ" ಅನ್ನುತ್ತಿದೆ! ಕೋಟೆ, ಚರ್ಚು, ಬಿಸಿನೀರು ಎಲ್ಲವೂ ಮನಸ್ಸಿನಿಂದ ಜಾರಿದವು. ಎಲ್ಲಿ ಇಂಟು ಗುರುತಿದೆಯೋ ಅದೇ ಪ್ರೇಕ್ಷಣೀಯ ಸ್ಥಳ ಎಂದು ತೀರ್ಮಾನಿಸಿದೆ.

ಹಾಗೆ ಆರಿಸಿದ್ದು ಸಾಜಾವಾ ನದಿಯ ಕಣಿವೆಯ ಸಣ್ಣ ಮಾರ್ಗ. ವಾರಾಂತ್ಯಕ್ಕೆ ಕಾಡಿಗೆ ಓಡುತ್ತಿದ್ದ ಪ್ರಾಗ್‌ನ ಹುಡುಗರು ಅದಕ್ಕೆ ಅಮೆರಿಕದ ದೊಡ್ಡ ರೈಲಿನ ಗತ್ತಿನಲ್ಲಿ 'ಪೊಸಾಜಾವ್ಸ್ಕಿ ಪೆಸಿಫಿಕ್' ಎಂದು ಹೆಸರಿಟ್ಟಿದ್ದಾರೆ. ಮಗ, ಸೊಸೆ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡರು. ಹೆಂಡತಿಗೆ ಯಾವ ನೆಪವೂ ಸಿಗಲಿಲ್ಲ. ಚಿತ್ರಾನ್ನದ ಡಬ್ಬಿಯೊಂದಿಗೆ ಹೊರಟೆವು.

ವ್ರಾನೆ ನಿಲ್ದಾಣ ದಾಟಿತು. ಗುಂಡಿ ಬಾಗಿಲ ಪಕ್ಕದಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡು ಅದರ ಹತ್ತಿರದ ಸೀಟಿನಲ್ಲೇ ಕೂತಿದ್ದೆ. ಹಿಂದಿನ ನಿಲ್ದಾಣ ಬಿಟ್ಟ ಮೇಲೆ ಒತ್ತಬೇಕು, ಮೊದಲೇ ಒತ್ತಿದರೆ ಅಲ್ಲೇ ನಿಂತೀತು. ನಮ್ಮ ನಿಲ್ದಾಣ ಸಮೀಪಿಸಿತು. ಎದ್ದೆ. ಕೈ ಒರೆಸಿಕೊಂಡೆ. ಬೆರಳು ಚಾಚಿದೆ. ಅಷ್ಟರಲ್ಲಿ ಅಣಬೆ ಬುಟ್ಟಿ ಹಿಡಿದ ಅಜ್ಜನೊಬ್ಬ ನನ್ನ ತೋಳಿನ ಕೆಳಗಿಂದ ಕೈ ತೂರಿಸಿ ಒತ್ತಿಬಿಟ್ಟ! ರೈಲು ನಿಂತಿತು. ಅಜ್ಜ ನನಗೆ ದಾರಿ ಬಿಟ್ಟು ಮುಗುಳ್ನಕ್ಕ. ನಾನು ಇಳಿಯಲಿಲ್ಲ.

"ಇಳೀರಿ, ಇದೇ ಅಲ್ವಾ?" ಎಂದಳು ಹೆಂಡತಿ.

"ಇದು ಅವನು ನಿಲ್ಲಿಸಿದ್ದು ಕಣೇ."

ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಬಾಗಿಲು ಮುಚ್ಚಿತು. ಮುಂದಿನ ಇಂಟು ಗುರುತಿನ ನಿಲ್ದಾಣ ಬರುವ ತನಕ ನಾನು ಗುಂಡಿಗೆ ಬೆನ್ನು ಕೊಟ್ಟು, ಯಾರೂ ಹತ್ತಿರ ಸುಳಿಯದಂತೆ ಕಾವಲು ನಿಂತೆ. ಒಬ್ಬಳು ಹುಡುಗಿ ಎದ್ದಳು. ನನ್ನೆದೆ ಧಸಕ್ಕೆಂದಿತು. ಕಿಟಕಿ ಮುಚ್ಚಿ ಕೂತಳು. ಕೊನೆಗೆ ರೈಲು ಹಿಂದಿನ ನಿಲ್ದಾಣ ಬಿಟ್ಟಿತು, ಸಮಯ ಬಂತು, ಒತ್ತಿದೆ. ದೀಪ ಹತ್ತಿತು. ಕಿಣಿಕ್ಕೆಂದಿತು. ಅಷ್ಟು ಕಬ್ಬಿಣ, ಅಷ್ಟು ಡೀಸೆಲ್ಲು, ಒಬ್ಬ ಸಮವಸ್ತ್ರದ ಚಾಲಕ, ಎಲ್ಲ ನನ್ನ ಒಂದು ಬೆರಳಿಗೆ ವಿಧೇಯರಾಗಿ ಕೀರಲುಗುಟ್ಟುತ್ತ ನಿಧಾನಿಸಿ, ಕಾಡಿನ ನಡುವೆ ನಿಂತರು. ಇಳಿದವರು ನಾವಿಬ್ಬರೇ. ಚಾಲಕ ಕಿಟಕಿಯಿಂದ ಇಣುಕಿದ. ನಾನು ಕೈಮುಗಿದೆ. ಅವನೂ ಏನೋ ಹೇಳಿದ, ಆಶೀರ್ವಾದವೆಂದೇ ತಿಳಿದೆ.

ಅಲ್ಲಿ ನೋಡಲು ಏನಿತ್ತು ಎಂದು ಕೇಳಬೇಡಿ. ಒಂದು ಬೆಂಚು, ಮರಗಳು, ಮರಗಳ ನಡುವೆ ನದಿ. ಆ ಮಾರ್ಗದಲ್ಲೇ ಸುಮಾರು 42 ಮೀಟರ್ ಎತ್ತರದ ಜಾಂಪಾಖ್ ಕಲ್ಲು ಸೇತುವೆಯಿದೆ. ನಾವು ಅದರ ಮೇಲೆ ಹಾದುಹೋದಾಗ ನಾನು ಗುಂಡಿ ಕಾಯುತ್ತಿದ್ದೆ. ಚಿತ್ರಾನ್ನ ಮುಗಿಸಿ, ಹಿಂದಿರುಗುವ ರೈಲಿಗೆ ನಾನು ಕೆಂಪು ಬಸ್ಸಿಗೆ ಅಡ್ಡ ಹಾಕುವಂತೆ ಎರಡೂ ಕೈ ಚಾಚಿ ನಿಂತೆ. ಕಂಡರೆ ಸಾಕು, ಕೈ ತೋರಿಸಬೇಕಿಲ್ಲ ಎಂದು ಹೆಂಡತಿ ಹೇಳುತ್ತಲೇ ಇದ್ದಳು.

ಇದೇ ಹುಮ್ಮಸ್ಸಿನಲ್ಲಿ, ಮಹಾಯುದ್ಧದ ಕಾಲದಲ್ಲಿ ನಾಟ್ಸಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್‌ಗೂ ಹೊರಟೆವು. ಪ್ರಾಗ್‌ನಿಂದ ನೇರ ಬಸ್ಸಿದೆ. ನಾನು ಹಟ ಹಿಡಿದು ರೈಲಿನಲ್ಲಿ ಬೊಹುಶೊವಿತ್ಸೆಗೆ ಹೋಗಿ, ಅಲ್ಲಿಂದ ಎರಡೂವರೆ ಮೂರು ಕಿಲೋಮೀಟರ್ ನಡೆಸಿದೆ. ನಾಟ್ಸಿಗಳು ಯಹೂದಿಗಳನ್ನು ರೈಲಿನಲ್ಲಿ ತಂದು ಗಂಟುಮೂಟೆ ಸಮೇತ ನಡೆಸಿದ್ದು ಬೊಹುಶೊವಿತ್ಸೆಯಿಂದಲೇ ಎಂದು ತಿಳಿದದ್ದು ತಲುಪಿದ ಮೇಲೆ. 1943ರಲ್ಲಿ ಕೈದಿಗಳ ಕೈಯಿಂದಲೇ ಹಳಿ ಹಾಸಿಸಿ ರೈಲನ್ನು ಒಳಗೇ ತಂದರು. ಆ ಹಳಿಯ ತುಂಡು ಇನ್ನೂ ಬೀದಿಯಲ್ಲಿದೆ. ತೆರೆಜಿನ್‌ನಲ್ಲೇ ಸತ್ತವರು ಸುಮಾರು 33,000. ಅಲ್ಲಿಂದ ಮುಂದೆ ಆಷ್‌ವಿಟ್ಜ್ ಮೊದಲಾದ ಕಡೆಗೆ ಸಾಗಿಸಿದ್ದು 87,000ಕ್ಕೂ ಹೆಚ್ಚು ಜನರನ್ನು. ಬಹುಪಾಲು ಜನ ಮರಳಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ಆ ರೈಲುಗಳ ವಿವರವಿತ್ತು: ಅಕ್ಷರಗಳ ಗುರುತು, ಹೊರಟ ತಾರೀಕು, ಒಳಗಿದ್ದವರ ಸಂಖ್ಯೆ. ನನ್ನ ಕಣ್ಣು ಚಟದಂತೆ ಸಾಲಿನಿಂದ ಸಾಲಿಗೆ ಇಳಿಯತೊಡಗಿತು. ಬಹಳ ಅಚ್ಚುಕಟ್ಟಾದ ಪಟ್ಟಿ. ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಹಿಂದಿರುಗುವಾಗ ಬಸ್ಸು ಹತ್ತಿದೆವು, ನಾನೇ ಕೇಳಿ.

ಆಮೇಲೆ ಕೆಲವು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಒಂದು ಸಂಜೆ ಅವಳೇ ತಂದು ಮುಂದಿಟ್ಟು, "ರೀ, ಆ ಗುಂಡಿ ರೈಲು ಇನ್ನೆಲ್ಲಾದ್ರೂ ಇದೆಯಾ ನೋಡಿ. ಈ ಸಲ ನಾನು ಒತ್ತೋದು" ಎಂದಳು.

ಪ್ರಾಗ್‌ಗೆ ಹೋಗುವವರಿಗೆ ಇಷ್ಟೇ ಹೇಳುತ್ತೇನೆ. ಕಾರಿಲ್ಲವೆಂದು ಕೊರಗಬೇಡಿ. ತೆರೆಜಿನ್‌ಗೆ ಒಂದು ಇಡೀ ದಿನ ಇಡಿ, ಅದರ ಜೊತೆ ಬೇರೆ ಯಾವ ಊರನ್ನೂ ಸೇರಿಸಬೇಡಿ. ಇಂಟು ಗುರುತಿನ ನಿಲ್ದಾಣದಲ್ಲಿ ಮರದ ಮರೆಯಲ್ಲಿ ಕೂತಿರಬೇಡಿ, ಚಾಲಕನಿಗೆ ಕಾಣದಿದ್ದರೆ ನಿಲ್ಲಿಸುವುದಿಲ್ಲ. ಸುತ್ತಿಗೆ ಗುರುತಿನ ರೈಲಿಗಂತೂ ಭಾನುವಾರ ಕಾಯಲೇಬೇಡಿ, ಅದು ಬರುವುದು ಸೋಮವಾರ.